ಮುರಿಯಲೆಂದೇ ಕಟ್ಟಿದ ಸೇತುವೆ

ಸಿವಿಲ್ ಮಾಸ್ತರನ ನೌಕರಿಯಲ್ಲಿ ನಗೆಗೇಡಿನ ಪ್ರಸಂಗಗಳಿಗೆ ಯಾವತ್ತೂ ತತ್ವಾರ ಇಲ್ಲ. ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ನನ್ನ ಲ್ಯಾಬಿನ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತವೆ. ಅದರಲ್ಲೂ ವರ್ಷಕ್ಕೊಮ್ಮೆ ಬರುವ ನಮ್ಮ ಸೇತುವೆ ಹಬ್ಬದ ಕತೆಯಂತೂ ಕೇಳಲೇಬೇಡಿ.

ಹಬ್ಬ ಅಂದರೆ ಇಷ್ಟೇ. ಹಳಿಯಾಳ ಕಡೆಯ ನಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ಎರಡನೇ ವರ್ಷದವರು ಮೂರು ಮೂರು ಮಂದಿ ಸೇರಿ ಒಂದು ಪುಟ್ಟ ಸೇತುವೆ ಕಟ್ಟಬೇಕು. ಐಸ್‌ಕ್ಯಾಂಡಿ ಕಡ್ಡಿ, ಬಿದಿರಿನ ಸೀಳು, ಅಂಟು, ದಾರ, ಇಷ್ಟೇ ಸಾಮಾನು. ಅದನ್ನು ಎರಡು ಟೇಬಲ್ಲುಗಳ ನಡುವೆ ಇಟ್ಟು, ನಟ್ಟನಡುವೆ ಕೊಕ್ಕೆ ಹಾಕಿ ಬಕೆಟ್ಟು ತೂಗುಬಿಟ್ಟು, ಮುರಿಯುವ ತನಕ ಭಾರ ಹಾಕುತ್ತ ಹೋಗುತ್ತೇವೆ. ಎಷ್ಟಕ್ಕೆ ಮುರಿಯಿತು, ಎಲ್ಲಿ ಮುರಿಯಿತು, ಯಾಕೆ ಮುರಿಯಿತು ಅಂತ ಕಣ್ಣಾರೆ ಕಂಡವರಿಗೆ ಪುಸ್ತಕದ ಪಾಠವೆಲ್ಲ ಒಮ್ಮೆಲೇ ತಲೆಗೆ ಹತ್ತುತ್ತದೆ. ಇದನ್ನು ನಾನು ನಮ್ಮ ಪ್ರಾಚಾರ್ಯರಿಗೆ ಹೇಳಿದ್ದೇನೆ, ಜವಾನನಿಗೆ ಹೇಳಿದ್ದೇನೆ, ನನ್ನ ಹೆಂಡತಿಗೂ ಹೇಳಿದ್ದೇನೆ. ಎಲ್ಲರೂ ಪೂರ್ತಿ ಕೇಳಿ, ತಲೆಯಾಡಿಸಿ, ಕಡೆಗೆ ಅದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: “ಅದೆಲ್ಲಾ ಖರೆ. ಆದ್ರ ಕಟ್ಟಿದ್ದನ್ನ ಮುರಿಯೂದ ಯಾಕ್ರಿ?”

ಈ ಸಲದ ಕತೆಯೆಲ್ಲ ಒಂದೇ ತಂಡದ್ದು. ಒಬ್ಬ ದಾಂಡೇಲಿಯ ಹುಡುಗ, ಮಾತಿನ ಮಲ್ಲ. ಇನ್ನೊಬ್ಬ ಜೋಯಿಡಾದ ಕಾಡಿನ ಕಡೆಯವನು, ಹಾಜರಿ ಕೂಗಿದರೂ ಕೈ ಎತ್ತುತ್ತಾನೆಯೇ ಹೊರತು ಬಾಯಿ ಬಿಡುವುದಿಲ್ಲ. ಮೂರನೆಯವಳು ಮುಂಡಗೋಡ ತಾಲೂಕಿನ ಅತ್ತಿವೇರಿ ಕಡೆಯ ಹುಡುಗಿ, ಇವರಿಬ್ಬರನ್ನೂ ಹದ್ದುಬಸ್ತಿನಲ್ಲಿ ಇಟ್ಟವಳು. ಆ ಹುಡುಗಿಗೆ ಟೈಫಾಯ್ಡ್ ಆಗಿ ಕಾಲೇಜಿನ ಒಳಪರೀಕ್ಷೆಗಳೆಲ್ಲ ತಪ್ಪಿಹೋಗಿದ್ದವು. ಉಳಿದಿದ್ದ ದಾರಿ ಈ ಸೇತುವೆ ಒಂದೇ. ಅದು ಇಪ್ಪತ್ತೈದು ಕಿಲೊ ಹೊತ್ತರೆ ಅವಳು ವಾರ್ಷಿಕ ಪರೀಕ್ಷೆಗೆ ಕೂರಬಹುದು. ಹೊರದಿದ್ದರೆ ವರ್ಷ ಹೋಯಿತು, ಅದರ ಜೊತೆ ಹಾಸ್ಟೆಲ್ಲಿನ ಸೀಟೂ ಹೋಯಿತು. ಅಷ್ಟು ದೂರದ ಊರಿಂದ ದಿನಾ ಓಡಾಡಿ ಓದುವುದು ಆಗದ ಮಾತು. ಅಂದರೆ ಓದು ಅಲ್ಲಿಗೇ ಮುಗಿಯಿತು.

ದಾಂಡೇಲಿಯವನು ಮೊದಲ ದಿನವೇ ಕೇಳಿದ: “ಸರ್, ಇಪ್ಪತ್ತೈದು ಅಂದ್ರ ಇಪ್ಪತ್ತೈದೇನ್ರಿ? ಇಪ್ಪತ್ನಾಕಕ್ಕ ನಡಿಯಂಗಿಲ್ಲೇನ್ರಿ?”

ನಾನು ಬಾಯಿ ತೆರೆಯುವ ಮೊದಲೇ ಆ ಹುಡುಗಿ ಅವನ ಕಡೆ ತಿರುಗಿ, “ನಾವು ಮೂವತ್ತಕ್ಕ ಕಟ್ಟೂಣು. ನೀ ಬಾಯಿ ಮುಚ್ಚು,” ಅಂದಳು. ಮೂವತ್ತು ವರ್ಷ ಸರ್ವಿಸ್ ಆದವರ ಬಾಯಲ್ಲಿ ಬರಬೇಕಾದ ಮಾತು ಅದು.

೧. ಕಡ್ಡಿ ಸಂಪಾದನೆ

ಕಡ್ಡಿ ತರುವ ಜವಾಬ್ದಾರಿಯನ್ನು ದಾಂಡೇಲಿಯವನು ತಾನಾಗಿಯೇ ಮೈಮೇಲೆ ಹಾಕಿಕೊಂಡ. ಅಂಗಡಿಯಲ್ಲಿ ಕಟ್ಟುಗಟ್ಟಲೆ ಹೊಸ ಕಡ್ಡಿ ಸಿಗುತ್ತವೆ. ಇವನ ಲೆಕ್ಕವೇ ಬೇರೆ.

“ಕೊಂಡು ತಂದ್ರ ಬರೇ ಕಡ್ಡಿ ಸಿಗ್ತಾವ್ರಿ ಸರ್. ತಿಂದು ತಂದ್ರ ಕಡ್ಡೀನೂ ಸಿಗ್ತಾವು, ಕ್ಯಾಂಡೀನೂ ಸಿಗ್ತೈತಿ.”

ತಿಂದ. ಓಣಿಯ ಹುಡುಗರಿಗೆಲ್ಲ ತಿನ್ನಿಸಿದ. ಮಳೆ ಜಿನುಗುವ ದಿನವೂ ಬಿಡಲಿಲ್ಲ. ಕಡೆಗೆ ಗಂಟಲು ಕಟ್ಟಿಕೊಂಡು, ಸನ್ನೆಯಲ್ಲೇ ಮಾತಾಡುತ್ತ ಕ್ಲಾಸಿಗೆ ಬಂದ. ದೇವರಾಣೆ, ನನ್ನ ನೌಕರಿಯಲ್ಲಿ ಅಷ್ಟು ಶಾಂತವಾದ ವಾರವನ್ನು ನಾನು ಕಂಡಿರಲಿಲ್ಲ.

ಅವನು ತಂದ ಚೀಲ ಸುರುವಿದರೆ ಕೇಸರಿ, ಗುಲಾಬಿ, ಹಸಿರು ಬಣ್ಣ ಹಿಡಿದ ಕಡ್ಡಿಗಳು! ತೊಳೆಯಬೇಕು ಅನ್ನುವುದು ಒಬ್ಬರಿಗೂ ಹೊಳೆದಿಲ್ಲ. ಹಾಗೆಯೇ ಅಂಟು ಹಚ್ಚಿ ಕಟ್ಟಿದರು. ಸೇತುವೆ ಮದುವೆ ಚಪ್ಪರದ ಹಾಗೆ ಝಗಝಗ ಅನ್ನುತ್ತಿತ್ತು. ಅಂಟು ಒಣಗಲಿ ಅಂತ ಎರಡು ಟೇಬಲ್ಲುಗಳ ನಡುವೆ ಇಟ್ಟು ಮನೆಗೆ ಹೋದೆವು.

ಅಂದಿನ ಪಾಠದಲ್ಲಿ ನಾನು ಎರಡು ಬಗೆಯ ಭಾರದ ಬಗ್ಗೆ ಹೇಳಿದ್ದೆ. ಸೇತುವೆಯ ಸ್ವಂತ ಭಾರ ಒಂದು, ಅದರ ಮೇಲೆ ಚಲಿಸುವ ಭಾರ ಇನ್ನೊಂದು. ಮರುದಿನ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದರೆ, ಗೋಡೆಯ ಸಂದಿಯಿಂದ ಹೊರಟ ಇರುವೆಗಳ ಸಾಲು ಒಂದು ಟೇಬಲ್ಲು ಹತ್ತಿ, ಸೇತುವೆ ದಾಟಿ, ಆ ಕಡೆಯ ಟೇಬಲ್ಲಿಗೆ ಇಳಿಯುತ್ತಿತ್ತು. ಬರುವವು ಎಡಕ್ಕೆ, ಹೋಗುವವು ಬಲಕ್ಕೆ. ನಮ್ಮ ಊರಿನ ಮುಖ್ಯರಸ್ತೆಯಲ್ಲೂ ಅಷ್ಟು ಶಿಸ್ತು ಇಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. “ಏನೋ ಇದು? ಏನ್ ಮಾಡಿ ಇಟ್ಟೀರಿ?” ಅಂತ ಗದರಿದೆ.

ದಾಂಡೇಲಿಯವನಿಗೆ ಅವತ್ತೇ ಗಂಟಲು ಬಿಟ್ಟಿತ್ತು. ಕೈಕಟ್ಟಿಕೊಂಡು ಭಾರೀ ಗಂಭೀರವಾಗಿ ಹೇಳಿದ: “ಸರ್, ಉದ್ಘಾಟನಾ ಆಗೂಕಿಂತ ಮೊದಲ ಮಂದಿ ಓಡಾಡಾಕ ಚಾಲೂ ಮಾಡ್ಯಾರ್ರಿ.”

೨. ಯಾರು ಹೋದರು?

ಇರುವೆ ಓಡಿಸಿ, ಒಂದು ದಿನ ಭಾರ ಹಾಕಿ ನೋಡಿದೆವು. ಸುಮ್ಮನೆ ಅಂದಾಜಿಗೆ. ಒಂಬತ್ತು ಕಿಲೊ ಆಗುತ್ತಿದ್ದಂತೆ ಲಟಕ್ ಅಂತು. ಒಂದು ಕಿರಕ್ ಇಲ್ಲ, ಒಂದು ಮುಲುಕು ಇಲ್ಲ, ಒಮ್ಮೆಲೇ ನೆಲ.

ಮೂವರೂ ಮುರಿದ ಸೇತುವೆಯನ್ನು ಎತ್ತಿಕೊಂಡು ಹೋಗಿ ಕ್ಯಾಂಟೀನಿನ ಮೂಲೆಯಲ್ಲಿ ಕುಳಿತರು. ನಡುವೆ ಟವೆಲ್ಲು ಹಾಸಿ, ಅದರ ಮೇಲೆ ತುಂಡುಗಳನ್ನು ಇಟ್ಟು, ಸುತ್ತ ಮೂವರು ತಲೆ ತಗ್ಗಿಸಿಕೊಂಡು. ಹುಡುಗಿಯ ಕಣ್ಣಲ್ಲಿ ನೀರಿತ್ತು. ಇಪ್ಪತ್ತೈದು ಬೇಕಾದಲ್ಲಿ ಒಂಬತ್ತು! ಸಮಾಧಾನ ಹೇಳೋಣ ಅಂತ ಹಿಂದೆ ಹೋಗಿ ನಿಂತೆ.

ಅಷ್ಟರಲ್ಲಿ ಕ್ಯಾಂಟೀನಿನ ಅಕ್ಕ ಬಂದಳು. ಮೂವರ ಮುಖ ನೋಡಿದವಳೇ ಸೆರಗು ಬಾಯಿಗೆ ಒತ್ತಿಕೊಂಡು ಮೆಲ್ಲಗೆ ಕೇಳಿದಳು, “ಯಾರ್ ಹೋದ್ರವ್ವಾ?”

“ಸೇತುವೆ ಹೋತ್ರಿ ಅಕ್ಕಾರ,” ಅಂದ ದಾಂಡೇಲಿಯವನು.

ಟವೆಲ್ಲಿನ ಮೇಲೆ ಏನಿದೆ ಅಂತ ಆಕೆ ನೋಡಲೇ ಇಲ್ಲ. ಚಹಾದ ಲೋಟಗಳನ್ನು ಒಂದೊಂದಾಗಿ ಇಡುತ್ತ ನಿಟ್ಟುಸಿರು ಬಿಟ್ಟಳು.

“ಅಯ್ಯ ಶಿವನ! ವಯಸ್ಸಾಗಿತ್ತೇನು?”

೩. ಹೇಳಿ ಬೀಳುವುದು

ಚಹಾ ಕುಡಿದಾದ ಮೇಲೆ ಒಂದು ಪವಾಡ ನಡೆಯಿತು. ಜೋಯಿಡಾದ ಹುಡುಗ ಬಾಯಿ ಬಿಟ್ಟ.

“ಕಡ್ಡಿ ಮುರದಿಲ್ರಿ ಸರ್. ಅಂಟು ಬಿಟ್ಟೈತಿ. ಕಟ್ಟೂಣು.”

ನೋಡಿದರೆ ಖರೆ. ಒಂದು ಕಡ್ಡಿಯೂ ತುಂಡಾಗಿರಲಿಲ್ಲ, ಬೆಸುಗೆಗಳಷ್ಟೇ ಬಿಚ್ಚಿಕೊಂಡಿದ್ದವು. ಅವನ ಹಳ್ಳಿಯಲ್ಲಿ ಮಳೆಗಾಲ ಬಂದರೆ ಹಳ್ಳಕ್ಕೆ ಮರದ ಕಾಲುಸಂಕ ಹಾಕುತ್ತಾರೆ. ಬಳ್ಳಿಯಿಂದ ಬಿಗಿದು ಕಟ್ಟುತ್ತಾರೆ. ಸಣ್ಣವನಿದ್ದಾಗಿನಿಂದ ಅದನ್ನು ಕಟ್ಟಿದವನು, ದಾಟಿದವನು, ಎರಡು ಸಲ ಅದರ ಮೇಲಿಂದ ಬಿದ್ದವನು ಅವನು. ಹುಡುಗಿ ತಕ್ಷಣ ಲೆಕ್ಕಕ್ಕೆ ಕುಳಿತಳು. ಯಾವ ಕಡ್ಡಿ ಎಳೆತಕ್ಕೆ ಸಿಗುತ್ತದೆ, ಯಾವುದು ಒತ್ತಡಕ್ಕೆ, ಎಲ್ಲಿ ಬಿದಿರು ಬೇಕು, ಎಲ್ಲಿ ಬೇಡ. ಇವಳು ತೋರಿಸಿದಲ್ಲಿ ಅವನು ದಾರ ಸುತ್ತುತ್ತ ಹೋದ. ದಾಂಡೇಲಿಯವನ ಕೆಲಸ ಏನೆಂದರೆ ಪ್ರತಿ ಗಂಟನ್ನೂ ಜಗ್ಗಿ ನೋಡುವುದು, ಬಿಚ್ಚಿದರೆ ಬೈಯುವುದು. ಒಂದೂ ಬಿಚ್ಚಲಿಲ್ಲ. ಬೈಯಲು ಸಿಗದೆ ಅವನು ಸೊರಗಿಹೋದ.

ಗಂಟು ಹಾಕುವ ಹುಚ್ಚು ಹಿಡಿದರೆ ಕೈ ಸುಮ್ಮನಿರುವುದಿಲ್ಲ ನೋಡಿ. ಲ್ಯಾಬಿನ ಸ್ಟೂಲು, ಕಿಟಕಿಯ ಕೊಂಡಿ, ಕಡೆಗೆ ಬಡಗಿಯ ದಾರಿ ಕಾಯುತ್ತ ವರ್ಷಗಟ್ಟಲೆ ಅಲ್ಲಾಡುತ್ತಿದ್ದ ನನ್ನ ಕುರ್ಚಿಯ ಕಾಲನ್ನೂ ಆ ಹುಡುಗ ಬಿಗಿದಿಟ್ಟ.

“ಇದು ತಡೀತೈತೇನೋ?” ಅಂತ ಅನುಮಾನದಿಂದ ಕೇಳಿದೆ.

“ಕೂಡ್ರಿ ಸರ್. ಅಂಟು ಹೇಳದ ಬೀಳ್ತೈತಿ. ಕಟ್ಟಿದ್ದು ಮೊದಲ ಕಿರಕ್ ಅಂತ ಹೇಳಿ, ಆಮ್ಯಾಲ ಬೀಳ್ತೈತಿ.”

ಕಟ್ಟಡ ಬೀಳುವ ಮುನ್ನ ಸೂಚನೆ ಕೊಡಬೇಕು ಅನ್ನುವುದನ್ನು ನಾನು ಪ್ರತಿವರ್ಷ ಒಂದಿಡೀ ಅಧ್ಯಾಯ ಕೊರೆಯುತ್ತೇನೆ. ಇವನು ಎರಡು ಮಾತಿನಲ್ಲಿ ಮುಗಿಸಿಬಿಟ್ಟ, ಶಹಬ್ಬಾಸ್! ಅಂದಿನಿಂದ ನಾನು ಆ ಕುರ್ಚಿಯಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡೇ ಕೂರುತ್ತೇನೆ.

೪. ಆಧಾರ್ ಇಲ್ಲದ ಕೂಸು

ದೀಪಾವಳಿ ರಜೆಗೆ ಹುಡುಗಿ ಹೊಸ ಸೇತುವೆಯನ್ನು ಊರಿಗೆ ಒಯ್ದಳು, ಹಾಸ್ಟೆಲ್ಲಿನಲ್ಲಿ ಯಾರಾದರೂ ತುಳಿದಾರು ಅಂತ. ಮನೆಯಲ್ಲಿ ಅವಳ ಅಜ್ಜಿ ಇದ್ದಾರೆ. ಮೊಮ್ಮಗಳು ಓದಬೇಕು ಅಂತ ಮನೆಮಂದಿಯ ಕೂಡ ಜಗಳವಾಡಿ ಕಾಲೇಜಿಗೆ ಹಚ್ಚಿದವರೇ ಅವರು.

ಅಜ್ಜಿ ಸೇತುವೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಹೊಳಿ ಮ್ಯಾಗಿನ ಪೂಲ್ ಅಂದ್ಮ್ಯಾಲ ಉಡಿ ತುಂಬದ ಕಳಸ್ತಾರೇನ?” ಅಂದರು. ಕೆಳಗೆ ಒಂದು ತಾಟಿನಲ್ಲಿ ನೀರಿಟ್ಟು ಹೊಳೆ ಮಾಡಿದರು. ಮೇಲೆ ಕುಪ್ಪಸದ ಕಣ ಹಾಸಿ, ಅಕ್ಕಿ, ಎಲೆ, ಅಡಿಕೆ, ಜುಟ್ಟಿನ ತೆಂಗಿನಕಾಯಿ ಎಲ್ಲ ಇಟ್ಟು, ಅರಿಷಿಣ ಕುಂಕುಮ ಹಚ್ಚಿ ಉಡಿ ತುಂಬಿದರು. ತೆಂಗಿನಕಾಯಿ ಇಡುವಾಗ ತನ್ನ ಜೀವ ಬಾಯಿಗೆ ಬಂದಿತ್ತು ಅಂತ ಹುಡುಗಿ ಆಮೇಲೆ ನನ್ನೆದುರು ಹೇಳಿದಳು. ಸೇತುವೆ ಜಪ್ಪಯ್ಯ ಅನ್ನಲಿಲ್ಲ. ಇವಳು ಎಂಥ ಹುಡುಗಿ ಅಂದರೆ, ಅಜ್ಜಿ ಆ ಕಡೆ ಹೋದ ಮೇಲೆ ಉಡಿಯ ಸಾಮಾನನ್ನೆಲ್ಲ ಕಿರಾಣಿ ಅಂಗಡಿಗೆ ಒಯ್ದು ತೂಕ ಮಾಡಿಸಿದ್ದಾಳೆ!

ರಜೆ ಮುಗಿಸಿ ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹೆಂಗಸರಿಗೆ ಟಿಕೀಟು ಪುಕ್ಕಟೆ, ಬಸ್ಸಿನ ತುಂಬ ಅವರೇ. ಕಂಡಕ್ಟರು ಇವಳ ಆಧಾರ್ ಕಾರ್ಡು ನೋಡಿದ, ಸೇತುವೆ ನೋಡಿದ.

“ನಿನಗ ಕಾರ್ಡ ಐತಿ. ಇದಕ್ಕ ಐತೇನು?”

ಪಕ್ಕದ ಹೆಂಗಸು ಗದರಿದಳು, “ಹೆಣ್ಮಗಳು ಕಟ್ಟಿದ್ದು, ಇದೂ ಹೆಣ್ಣ ಆತು. ಸುಮ್ನ ಬಿಡೋ ತಮ್ಮಾ.”

ಬಸ್ಸಿಗೆ ಬಸ್ಸೇ ಅವನ ಮೇಲೆ ಬಿತ್ತು. ಕಂಡಕ್ಟರು ಕೈ ಮುಗಿದು ತೀರ್ಪು ಕೊಟ್ಟ: “ಆತ್ರಬೇ. ಉಡ್ಯಾಗ ಕುಂತ್ರ ಕೂಸು, ಸೀಟಿನ ಮ್ಯಾಲ ಕುಂತ್ರ ಲಗೇಜು.”

ಅಲ್ಲಿಂದ ಅದು ಯಾರ ಉಡಿಯಿಂದಲೂ ಇಳಿಯಲಿಲ್ಲ. “ಇಲ್ಲಿ ಕೊಡವಾ, ನಿನಗ ಕೈ ನೋಯ್ತಾವು,” ಅಂತ ಒಬ್ಬರಿಂದ ಒಬ್ಬರಿಗೆ ದಾಟುತ್ತ ಹಿಂದಿನ ಸೀಟಿನವರೆಗೂ ಹೋಯಿತು. ಹಳಿಯಾಳದಲ್ಲಿ ಹುಡುಗಿ ಚೀಲ ಇಳಿಸಿಕೊಂಡು, ಸೇತುವೆ ಎಲ್ಲಿದೆ ಅಂತ ಕಿಟಕಿ ಕಿಟಕಿ ಇಣುಕುತ್ತಿದ್ದಾಗ ಕಂಡಕ್ಟರು ಬಾಗಿಲಲ್ಲಿ ನಿಂತು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದ: “ಏ ಯವ್ವಾ, ಕೂಸಿನ ಬಿಟ್ಟು ಇಳಿದೀಯಲ್ಲ, ಯಾ ನಮೂನಿ ತಾಯಿ ನೀ!”

೫. ಡ್ರಾಯಿಂಗಿನಲ್ಲಿ ಇಲ್ಲದ ಕಂಬ

ಕಡೆಗೆ ಪರೀಕ್ಷೆಯ ದಿನ ಬಂತು. ಹೊರಗಿನಿಂದ ಬಂದ ಪರೀಕ್ಷಕರು ನಿವೃತ್ತ ಎಂಜಿನಿಯರು. ಜೀವಮಾನವೆಲ್ಲ ಸೇತುವೆ ಕಟ್ಟಿದವರು. ಅವರು ನಕ್ಕಿದ್ದನ್ನು ಕಂಡವರು ಯಾರೂ ಇಲ್ಲ. ನಿಯಮ ಅಂದರೆ ನಿಯಮ.

ಮೊಮ್ಮಗಳ ಪೂಲು ನೋಡಬೇಕು ಅಂತ ಅಜ್ಜಿ ನಸುಕಿನಲ್ಲೇ ಊರು ಬಿಟ್ಟು ಬಂದಿದ್ದರು, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಹುಡುಗಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು, “ಸರ್, ಕಡೀಕ ಮುರೀತಾರ ಅಂತ ಅಜ್ಜಿಗೆ ಹೇಳಿಲ್ರಿ.”

“ಹೇಳಬ್ಯಾಡ. ನಾ ನೋಡ್ಕೋತೇನಿ,” ಅಂದೆ. ನಾನು ನೋಡಿಕೊಂಡದ್ದು ಏನು? ಅವರನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದೆ, ಸರಿಯಾಗಿ ಸೇತುವೆಯ ಪಕ್ಕದಲ್ಲಿ. ನನ್ನ ಬುದ್ಧಿಗೆ ಏನೆನ್ನಬೇಕು!

ಬೇರೆ ತಂಡಗಳ ಸೇತುವೆಗಳೆಲ್ಲ ಮುರಿದಾದ ಮೇಲೆ ಅಜ್ಜಿ ಬಂದಿದ್ದರಿಂದ ಅವರಿಗೇನೂ ಗೊತ್ತಿರಲಿಲ್ಲ. ಬಕೆಟ್ಟಿಗೆ ಒಂದೊಂದೇ ಕಿಲೊ ಕಬ್ಬಿಣದ ತೂಕ ಹಾಕತೊಡಗಿದೆವು. ಪರೀಕ್ಷಕರು ಆ ಕಡೆ ಬಗ್ಗಿ, ಸೇತುವೆ ಎಷ್ಟು ಬಾಗಿತು ಅಂತ ತೋರಿಸುವ ಮುಳ್ಳಿನ ಮೀಟರಿಗೆ ಕಣ್ಣು ಅಂಟಿಸಿಕೊಂಡಿದ್ದರು. ಹತ್ತು ಆಯಿತು. ಹದಿನೈದು. ಇಪ್ಪತ್ತು. ನಾನು ಹುಡುಗಿಯ ಮುಖ ನೋಡುತ್ತಿದ್ದೆ, ಹುಡುಗಿ ಗಂಟುಗಳನ್ನು ನೋಡುತ್ತಿದ್ದಳು. ಇಪ್ಪತ್ತೆರಡಕ್ಕೆ ಸೇತುವೆ ಕಿರಕ್ ಅಂದಿತು.

“ಹಾಕ್ರಿ, ಹಾಕ್ರಿ,” ಅಂದರು ಪರೀಕ್ಷಕರು. ಹಾಕಿದೆವು. ಇಪ್ಪತ್ಮೂರು. ಇಪ್ಪತ್ನಾಲ್ಕು. ಇಪ್ಪತ್ತೈದು. ಇಪ್ಪತ್ತಾರು.

ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಏನ್ರಿ ಇದು? ಭಾರ ಹಾಕಿದಂಗ ಬಾಗಬೇಕು. ಇದು ಮ್ಯಾಲ ಏಳಾಕತ್ತೈತಲ್ರಿ!”

ನನಗೂ ಅರ್ಥವಾಗಲಿಲ್ಲ. ಇಂಥ ಸೇತುವೆಯನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಪರೀಕ್ಷಕರು ಮೀಟರು ಬಿಟ್ಟು ಈ ಕಡೆ ಬಂದು ಬಗ್ಗಿ ನೋಡಿದರು. ಸೇತುವೆಯ ಕೆಳಗೆ ಹಸಿರು ಬಳೆಯ ಎರಡು ಕೈಗಳು! ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ, ಎರಡೂ ಅಂಗೈ ಒಡ್ಡಿ ಸೇತುವೆಯನ್ನು ಎತ್ತಿ ಹಿಡಿದಿದ್ದರು.

ಪರೀಕ್ಷಕರು ಡ್ರಾಯಿಂಗಿನ ಹಾಳೆ ತಿರುವಿ ನೋಡಿ ಹೇಳಿದರು: “ಅವ್ವಾರ, ಈ ಕಂಬ ಡ್ರಾಯಿಂಗಿನ್ಯಾಗ ಇಲ್ಲ.”

“ಇರ್ಲಿ ಬಿಡ್ರಿ ಸಾಹೇಬ್ರ. ನೀವು ನಿಮ್ಮ ಕೆಲಸ ನೋಡ್ರಿ.”

“ಕೈ ತಗೀಲಿಲ್ಲಂದ್ರ ಪರೀಕ್ಷೆ ರದ್ದು.”

“ಕೈ ತಗದ್ರ ಇದು ಬೀಳ್ತೈತಿ, ಇದು ಬಿದ್ರ ನನ್ನ ಕೂಸಿನ ವರ್ಷ ಬೀಳ್ತೈತಿ. ಬೇಕಾರ ಸಂಜೀತನಕಾ ಹಿಡೀತೇನಿ!” ಅಂದರು ಅಜ್ಜಿ.

ಆಗ ಹುಡುಗಿ ಮುಂದೆ ಬಂದಳು. “ಭಾರ ತಗೀಬ್ಯಾಡ್ರಿ ಸರ್, ಹಂಗ ಇರ್ಲಿ. ಅಜ್ಜೀ, ಕೈ ತಗಿ. ಆದ್ರ ಸಾವಕಾಶ ತಗಿ. ಒಂದೊಂದ ಬಟ್ಟು.”

ಪರೀಕ್ಷಕರು ಅಲ್ಲೂ ಬಿಡಲಿಲ್ಲ. “ಸಾವಕಾಶ ಯಾಕ?”

“ಒಮ್ಮೆಲೆ ಭಾರ ಬಿದ್ರ ಎರಡರಷ್ಟು ಬಿದ್ದಂಗ ಆಗ್ತೈತ್ರಿ,” ಅಂದಳು ಹುಡುಗಿ. ಪರೀಕ್ಷಕರು ತಲೆಯಾಡಿಸಿದರು. ಎದೆ ಉಬ್ಬಿದ್ದು ನನ್ನದು.

“ಬೀಳ್ತೈತೆ ಬಾಳಾ,” ಅಂದರು ಅಜ್ಜಿ.

“ಬೀಳೂದಿಲ್ಲ. ನಾ ಲೆಕ್ಕಾ ಮಾಡೇನಿ, ಇವ ಕಟ್ಯಾನ, ಆವ ಜಗ್ಗಿ ನೋಡ್ಯಾನ. ನೀ ಹಿಡಕೊಂಡ್ರ ನೀ ಪಾಸಾಗ್ತಿ ಅಜ್ಜಿ, ನಾ ಅಲ್ಲ.”

ಅಜ್ಜಿ ಮೊಮ್ಮಗಳ ಮುಖವನ್ನೇ ನೋಡುತ್ತ ಒಂದೊಂದೇ ಬೆರಳು ಬಿಟ್ಟರು. ಸೇತುವೆ ಕಿರಕ್ ಅಂದಿತು. ಇನ್ನೊಮ್ಮೆ ಕಿರಕ್ ಅಂದಿತು. ಮೀಟರಿನ ಮುಳ್ಳು ಸರಸರ ಓಡಿ, ನಡುಗಿ, ನಿಂತಿತು. ಕಡೆಯ ಬೆರಳೂ ಬಿಟ್ಟಿತು. ಇಪ್ಪತ್ತಾರು ಕಿಲೊ ಹೊತ್ತುಕೊಂಡು ಸೇತುವೆ ತನ್ನಷ್ಟಕ್ಕೆ ತಾನು ನಿಂತಿತ್ತು. ನನಗೆ ಅಳು ಬಂದುಬಿಟ್ಟಿತು, ನಾಚಿಕೆ ಏನು, ಬಂದಿತು. ಜೋಯಿಡಾದವನು ಜೀವನದಲ್ಲೇ ಮೊದಲ ಸಲ ಕೂಗಿದ. ದಾಂಡೇಲಿಯವನು ಪರೀಕ್ಷಕರನ್ನೇ ಅಪ್ಪಿಕೊಂಡ.

ಪರೀಕ್ಷಕರು ಅವನನ್ನು ಬಿಡಿಸಿಕೊಂಡು, ಅಂಗಿ ಸರಿಮಾಡಿಕೊಂಡು, “ಪಾಸು. ಹೂಂ, ಈಗ ಮುಂದ ಹಾಕ್ರಿ, ಮುರಿಯೂತನಕಾ,” ಅಂದರು.

“ಏನಂದ್ರಿ?” ಅಂದರು ಅಜ್ಜಿ.

“ಎಷ್ಟಕ್ಕ ಮುರೀತೈತಿ ಅಂತ ತಿಳೀಬೇಕಲ್ರಿ ಅವ್ವಾರ. ನಿಯಮ ಐತಿ.”

“ಇಪ್ಪತ್ತೈದು ಅಂದ್ರಿ, ಹೊತ್ತೈತಿ. ಪಾಸು ಅಂದ್ರಿ, ಆತು. ಮತ್ತ್ಯಾಕ ಮುರೀಬೇಕು? ಜೀವಮಾನ ಪೂರ್ತಿ ಪೂಲ್ ಕಟ್ಟೀರಂತ, ಎಲ್ಲಾ ಮುರದ ನೋಡೀರೇನು?”

ಪರೀಕ್ಷಕರು ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅಜ್ಜಿ ಬಕೆಟ್ಟನ್ನು ಕೊಕ್ಕೆಯಿಂದ ಬಿಡಿಸಿ ನೆಲಕ್ಕಿಟ್ಟರು, ಸೇತುವೆಯನ್ನು ಎತ್ತಿ ಸೆರಗಿನಲ್ಲಿ ಸುತ್ತಿ ಕಂಕುಳಿಗೆ ಇಟ್ಟುಕೊಂಡರು, ಹೋಳಿಗೆ ಡಬ್ಬಿಯನ್ನು ಪರೀಕ್ಷಕರ ಕೈಗೆ ಕೊಟ್ಟು, “ತಿನ್ರಿ, ಭಾಳ ದಣದೀರಿ,” ಅಂದವರೇ ಬಸ್ಸಿಗೆ ಹೊರಟುಹೋದರು. ಮೊಮ್ಮಗಳು ಹಿಂದೆ ಓಡಿದಳು.

ಪರೀಕ್ಷಕರು ಒಂದು ಹೋಳಿಗೆ ತಿಂದರು. ಅಂಕದ ಹಾಳೆ ತೆಗೆದು ಮೂವರಿಗೂ ಪೂರ್ತಿ ಅಂಕ ಹಾಕಿದರು. ‘ಮುರಿದಾಗಿನ ಭಾರ’ ಅನ್ನುವ ಜಾಗ ಉಳಿಯಿತು. ಅದನ್ನು ಖಾಲಿ ಬಿಡುವಂತಿಲ್ಲ. ಬಹಳ ಹೊತ್ತು ಪೆನ್ನು ಕಚ್ಚುತ್ತ ಕುಳಿತು, ಕಡೆಗೆ ಮುತ್ತಿನಂಥ ಅಕ್ಷರದಲ್ಲಿ ಬರೆದು, ಸಹಿ ಹಾಕಿ, ಶಿಕ್ಕಾ ಒತ್ತಿ ನನ್ನ ಕಡೆ ಸರಿಸಿದರು.

“ಅಜ್ಜಿ ಬಿಡಲಿಲ್ಲ.”